ಉಕ್ಕು ತಣಿಯುವ ಹೊತ್ತು

ವಾಕಡದಲ್ಲಿ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ



ಈ ವೇದಿಕೆಯ ಮೇಲೆ ಸಾಹಿತ್ಯವನ್ನು ಕುರಿತು ಮಾತನಾಡಿದವರು ಅನೇಕರಿದ್ದಾರೆ. ಸಂಗೀತವನ್ನು ಕುರಿತು ಮಾತನಾಡಿದವರೂ ಇದ್ದಾರೆ. ಈ ತಿಂಗಳು ನೀನೇ ಏನಾದರೂ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ನಿಜವಾಗಿಯೂ ದಿಗಿಲಾಯಿತು. ನಾನು ಓದಿದ್ದು ಬಿ.ಕಾಂ.; ಮಾಡುವುದು ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ. ನನಗೆ ಬರುವುದು ಕೂಡುವುದು, ಕಳೆಯುವುದು, ಪಟ್ಟಿ ಬರೆಯುವುದು. ಆದರೂ ಇಂಥದೊಂದು ಪಟ್ಟಿ ಬರೆಯಹೋಗಿ ಉಕ್ಕಿನ ವಿಷಯದಲ್ಲಿ ನಾಲ್ಕು ಮಾತು ಕಲಿತೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ಸಭೆಯಲ್ಲಿ ಎಂಜಿನಿಯರುಗಳು ಬಹಳ ಮಂದಿ ಇದ್ದೀರಿ. ತಪ್ಪಿದರೆ ತಿದ್ದಬೇಕು, ನಗಬಾರದು.

ನಮ್ಮ ವಾಕಡದ ಹೆದ್ದಾರಿಯನ್ನು ನೀವೆಲ್ಲ ದಿನಕ್ಕೆ ಎರಡು ಸಲವಾದರೂ ದಾಟುತ್ತೀರಿ. ಅದೇ ರಸ್ತೆ ದಕ್ಷಿಣಕ್ಕೆ ಹೋದರೆ ಬೆಳಗಾವಿ, ಧಾರವಾಡ, ಬೆಂಗಳೂರು. ಆ ರಸ್ತೆಯಲ್ಲಿ ಉದ್ದನೆಯ ಲಾರಿಗಳ ಮೇಲೆ ದೊಡ್ಡ ದೊಡ್ಡ ಸಿಂಬೆಗಳನ್ನು ಕಟ್ಟಿಕೊಂಡು ಹೋಗುವುದನ್ನು ನೋಡಿರಬಹುದು. ಬೂದುಬಣ್ಣದ ದಪ್ಪ ತಂತಿಯ ಸಾವಿರಾರು ಬಳೆಗಳನ್ನು ಒಟ್ಟುಮಾಡಿ ಬಿಗಿದ ಹಾಗೆ ಕಾಣುತ್ತದೆ. ಅದಕ್ಕೆ ವೈರ್ ರಾಡ್ ಎನ್ನುತ್ತಾರೆ. ಅಂಗಡಿಯವರೂ ಕಾರ್ಖಾನೆಯವರೂ ಕಾಯಿಲು ಎನ್ನುತ್ತಾರೆ. ಒಂದೊಂದು ಕಾಯಿಲು ಎರಡು ಟನ್ನಿನ ಮೇಲೆ ತೂಗುತ್ತದೆ. ಅದನ್ನು ತಣ್ಣಗಿರುವಾಗಲೇ ಸಣ್ಣ ಸಣ್ಣ ತೂತುಗಳ ಮೂಲಕ ಎಳೆದು ತೆಳುವಾದ ತಂತಿ ಮಾಡುತ್ತಾರೆ. ಸ್ಕೂಟರಿನ ಸ್ಪ್ರಿಂಗು, ಲಿಫ್ಟಿನ ಹಗ್ಗ, ಟೈರಿನ ಅಂಚಿನೊಳಗಿನ ತಂತಿ, ಸೇತುವೆಯ ಕಾಂಕ್ರೀಟಿನೊಳಗೆ ಬಿಗಿದಿಡುವ ತಂತಿ, ಎಲ್ಲವೂ ಈ ಸಿಂಬೆಯಿಂದ ಹುಟ್ಟತಕ್ಕವು. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಮನುಷ್ಯರನ್ನು ಇಳಿಸಿ ಹತ್ತಿಸಿದ್ದು ಇಂಥ ತಂತಿಯಿಂದ ಹೊಸೆದ ಹಗ್ಗಗಳೇ. ಆ ಗಣಿ ೨೦೦೧ರಲ್ಲಿ ಮುಚ್ಚಿತು, ಇರಲಿ.

ಭೋಸರಿಯ ಕಡೆ ಇಂಥ ತಂತಿ ಎಳೆಯುವ ಒಂದು ಸಣ್ಣ ಕಾರ್ಖಾನೆಗೆ ನಮ್ಮ ಶಾಖೆ ಸಾಲ ಕೊಟ್ಟಿತ್ತು. ಯಜಮಾನರು ನಮ್ಮವರೇ, ಬೈಲಹೊಂಗಲದ ಕಡೆಯವರು. ಇಂಥ ಸಾಲಕ್ಕೆ ತಿಂಗಳಿಗೊಮ್ಮೆ ದಾಸ್ತಾನಿನ ಲೆಕ್ಕ ಕೊಡಬೇಕು. ಆ ದಾಸ್ತಾನಿನ ಬೆಲೆಯಲ್ಲಿ ನೂರಕ್ಕೆ ೨೫ ಕಳೆದು ಉಳಿದಷ್ಟಕ್ಕೆ ಮಾತ್ರ ಅವರು ಹಣ ತೆಗೆಯಬಹುದು. ಇದಕ್ಕೆ ನಮ್ಮಲ್ಲಿ ಡ್ರಾಯಿಂಗ್ ಪವರ್ ಎನ್ನುತ್ತೇವೆ. ಅವರ ಕಸುಬಿನಲ್ಲಿ ತಂತಿ ಎಳೆಯುವುದಕ್ಕೂ ಡ್ರಾಯಿಂಗ್ ಎಂದೇ ಹೆಸರು. ಒಂದು ಡ್ರಾಯಿಂಗ್ ನಿಂತರೆ ಇನ್ನೊಂದೂ ನಿಲ್ಲುತ್ತದೆ ಎಂದು ಅವರು ನಗುತ್ತ ಹೇಳುತ್ತಿದ್ದರು. ಆಗ ನನಗೂ ಅದು ನಗೆಯ ಮಾತಾಗಿತ್ತು.

ನಮ್ಮ ಅಧಿಕಾರಿಗಳು ದಾಸ್ತಾನು ನೋಡಲು ಹೊರಟಾಗ ಪಟ್ಟಿ ಬರೆಯಲು ನಾನೂ ಜೊತೆಗೆ ಹೋದೆ. ಒಳಗೆ ಆಮ್ಲದ ವಾಸನೆ, ಸೋಪಿನ ಪುಡಿಯ ಧೂಳು. ತಂತಿ ತೂತಿನೊಳಗೆ ಜಾರುವುದಕ್ಕೆ ಸೋಪಿನ ಪುಡಿಯೇ ಎಣ್ಣೆಯ ಹಾಗೆ. ನೆಲದ ಮೇಲೆ ಎಂಟು ಕಾಯಿಲುಗಳಿದ್ದವು: ಮೂರು ಬಾಗಿಲ ಹತ್ತಿರ, ಐದು ಹಿಂದಿನ ಗೋಡೆಗೆ ಒತ್ತಿ. ಪ್ರತಿಯೊಂದಕ್ಕೂ ತಗಡಿನ ಚೀಟಿ ಕಟ್ಟಿರುತ್ತದೆ. ಅದರಲ್ಲಿ ತೂಕ, ದಪ್ಪ, ಕಾಯಿಲಿನ ಸಂಖ್ಯೆ, ಹೀಟ್ ನಂಬರು. ಹೀಟ್ ಎಂದರೆ ಒಂದು ಸಲ ಕರಗಿಸಿದ ಉಕ್ಕು. ನಮ್ಮ ಭಾಷೆಯಲ್ಲಿ ಒಂದು ಹಂಡೆಯ ಅಡುಗೆ. ನಾನು ಎಂಟು ಚೀಟಿಗಳನ್ನೂ ನಕಲು ಮಾಡಿದೆ, ಕೂಡಿದೆ, ಬೆಲೆ ಕಟ್ಟಿದೆ. ಹೊರಡುವಾಗ ಯಜಮಾನರು ಮೇಜಿನ ಮೇಲಿದ್ದ ಉಪ್ಪಿನಕಾಯಿಯ ಶೀಶೆಯೊಂದನ್ನು ನನ್ನ ಮುಂದೆ ಬಗ್ಗಿಸಿದರು. ಅದರ ತುಂಬ ಅಂಗುಲದುದ್ದದ ಮುರಿದ ತಂತಿಯ ತುದಿಗಳು.

"ನೋಡ್ರಿ ಸಾಹೇಬ್ರ, ಒಂದು ಕಡೆ ಬಟ್ಟಲ, ಇನ್ನೊಂದು ಕಡೆ ಆ ಬಟ್ಟಲದಾಗ ಕೂಡೂ ಶಿಖರ. ಹಿಂಗ್ಯಾಕ ಮುರೀತೈತಿ ಅಂತ ಹೇಳವರು ಒಬ್ರೂ ಇಲ್ಲ. ಗೋಡಿ ಕಡಿ ಇರೂ ಐದೂ ಇಂಥವ. ತಾಸಿಗೆ ನಾಕು ಸಲ ಮಷೀನು ನಿಲ್ತೈತಿ."

ನಾನು ತಲೆಯಾಡಿಸಿದೆ. ಆ ಐದನ್ನೂ ಪೂರ್ತಿ ಬೆಲೆಗೇ ಹಿಡಿದು ಪಟ್ಟಿ ಒಪ್ಪಿಸಿದೆ. ಉಕ್ಕು ಉಕ್ಕೇ ತಾನೆ, ತೂಕ ಸರಿಯಾಗಿದೆಯಲ್ಲ ಎಂದು ನನ್ನ ಲೆಕ್ಕ. ಈ ತಪ್ಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ೧೯೨೩ರಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಆರಂಭಿಸಿದ ಕಾರ್ಖಾನೆ ಅಲ್ಲಿಯದು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತದ್ದು. ನನ್ನ ತಂದೆಯವರು ಅಲ್ಲಿಯ ರೋಲಿಂಗ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ನಾನು ಚಿಕ್ಕವನಾಗಿದ್ದಾಗ ಅವರು ರಾತ್ರಿಪಾಳಿಯಿಂದ ಬಂದು ಒಂದು ವಿಚಿತ್ರವನ್ನು ಹೇಳುತ್ತಿದ್ದರು. ಕಾಸಿದ ಉಕ್ಕು ಉರುಳುಗಳ ನಡುವೆ ಹಾದು ಬಂದು ಆರುತ್ತ ಬಿದ್ದಿರುತ್ತದೆ. ಹಳದಿ ಹೋಗಿ ಕಿತ್ತಳೆ, ಕಿತ್ತಳೆ ಹೋಗಿ ಕೆಂಪು, ಕೆಂಪು ಹೋಗಿ ಇನ್ನೇನು ಕಪ್ಪಾಗಬೇಕು. ಅಷ್ಟರಲ್ಲಿ ಯಾರೂ ಊದದೆ, ಯಾರೂ ಮುಟ್ಟದೆ, ಒಂದು ಕ್ಷಣ ತಾನಾಗಿ ಮತ್ತೆ ಕೆಂಪೇರುತ್ತದೆ! ಆಮೇಲೆ ನಿಜವಾಗಿ ಆರುತ್ತದೆ. ಅದು ಉಕ್ಕಿಗೆ ಜೀವ ಬರುವ ಗಳಿಗೆ ಎಂದು ಅವರು ಹೇಳುತ್ತಿದ್ದರು. ನಾನು ಕತೆಯೆಂದುಕೊಂಡಿದ್ದೆ.

ಕತೆಯಲ್ಲ. ಬ್ಯಾರೆಟ್ ಎಂಬ ವಿಜ್ಞಾನಿ ೧೮೭೩ರಲ್ಲಿಯೇ ಇದನ್ನು ಗಮನಿಸಿ ಹೆಸರಿಟ್ಟಿದ್ದಾನೆ. ಕಾದ ಉಕ್ಕಿನೊಳಗೆ ಇಂಗಾಲವು, ಹಾಲಿನಲ್ಲಿ ಸಕ್ಕರೆ ಕರಗಿದ ಹಾಗೆ, ಎಲ್ಲ ಕಡೆ ಬೆರೆತಿರುತ್ತದೆ. ಸುಮಾರು ೭೨೭ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದಮೇಲೆ ಹೀಗೆ ಬೆರೆತಿರಲು ಅದಕ್ಕೆ ಎಡೆಯಿಲ್ಲ. ಆಗ ಉಕ್ಕಿನ ಒಳರಚನೆಯೇ ಬದಲಾಗುತ್ತದೆ. ಹಾಗೆ ಬದಲಾಗುವಾಗ ಒಳಗೆ ಅಡಗಿದ್ದ ಶಾಖ ಹೊರಬೀಳುತ್ತದೆ. ಆರುತ್ತಿದ್ದದ್ದು ಮತ್ತೆ ಕೆಂಪಾಗುವುದು ಆ ಶಾಖದಿಂದ. ತಂದೆಯವರು ಜೀವ ಬರುವ ಗಳಿಗೆ ಎಂದದ್ದು ಈ ಬದಲಾವಣೆಯನ್ನೇ. ಅದು ಎಷ್ಟು ಡಿಗ್ರಿಯಲ್ಲಿ, ಎಷ್ಟು ಬೇಗ ನಡೆಯಿತು ಎಂಬುದರ ಮೇಲೆ ತಂತಿಯ ಮುಂದಿನ ಜಾತಕವೆಲ್ಲ ನಿಂತಿದೆ.

ಇಂಗಾಲ ಹೆಚ್ಚಿರುವ ಉಕ್ಕು ಎಂದರೆ ಬಹಳ ಇಂಗಾಲವೇನೂ ಅಲ್ಲ. ನೂರು ಸೇರು ಉಕ್ಕಿನಲ್ಲಿ ಒಂದು ಸೇರಿಗೂ ಕಡಿಮೆ. ತಂತಿಯ ಉಕ್ಕಿನಲ್ಲಿ ನೂರಕ್ಕೆ ೦.೬ರಿಂದ ೦.೯ರ ತನಕ. ಮನೆಕಟ್ಟುವ ಮಾಮೂಲು ಕಂಬಿಯಲ್ಲಿ ಇದರ ಮೂರನೆಯ ಒಂದು ಪಾಲಿನಷ್ಟು ಇದ್ದೀತು. ಆದರೆ ಈ ಚಿಟಿಕೆ ಇಂಗಾಲ ಉಕ್ಕನ್ನು ಬಹಳ ಸೂಕ್ಷ್ಮ ಸ್ವಭಾವದ್ದನ್ನಾಗಿ ಮಾಡುತ್ತದೆ. ಹದವಾಗಿ ತಣಿದರೆ, ಶುದ್ಧ ಕಬ್ಬಿಣದ ಒಂದು ಪದರ, ಕಬ್ಬಿಣ ಇಂಗಾಲಗಳು ಕೂಡಿದ ಗಡುಸಾದ ವಸ್ತುವಿನ ಒಂದು ಪದರ, ಹೀಗೆ ಒಂದರ ಮೇಲೊಂದು ಹಾಸಿಕೊಳ್ಳುತ್ತವೆ. ನಮ್ಮ ಚಿರೋಟಿಯ ಹಾಗೆ. ಪದರದಿಂದ ಪದರಕ್ಕೆ ಒಂದು ಮಿಲಿಮೀಟರಿನ ಹತ್ತುಸಾವಿರದಲ್ಲಿ ಒಂದೆರಡು ಭಾಗದಷ್ಟೇ ಅಂತರ. ಇಂಗ್ಲೆಂಡಿನ ಶೆಫೀಲ್ಡಿನ ಸಾರ್ಬಿ ಎಂಬಾತ ೧೮೬೦ರ ದಶಕದಲ್ಲಿ ಉಕ್ಕನ್ನು ಉಜ್ಜಿ ನಯಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಇದು ಮುತ್ತಿನ ಚಿಪ್ಪಿನ ಹಾಗೆ ಹೊಳೆಯಿತಂತೆ. ಅದರಿಂದಲೇ ಪರ್ಲೈಟು ಎಂಬ ಹೆಸರು ನಿಂತಿತು. ಪದರಗಳು ತೆಳುವಾದಷ್ಟೂ ತಂತಿ ಗಟ್ಟಿಯೂ ಹೌದು, ಎಳೆದರೆ ಬರುವಂಥದ್ದೂ ಹೌದು.

ನಿಧಾನವಾಗಿ ತಣಿಸಿದರೆ ಪದರಗಳು ದಪ್ಪವಾಗುತ್ತವೆ, ತಂತಿ ಪೆದ್ದಾಗುತ್ತದೆ. ಇಂಗಾಲ ಇನ್ನೂ ಜಾಸ್ತಿಯಿದ್ದರೆ ಆ ಗಡುಸು ವಸ್ತು ಕಣಕಣಗಳ ಸುತ್ತ ಬಲೆ ಹೆಣೆದುಕೊಂಡು ಕೂರುತ್ತದೆ. ಅವಸರವಾಗಿ ತಣಿಸಿದರೋ ಪದರ ಹಾಸಲು ಪುರಸೊತ್ತೇ ಇಲ್ಲ. ಇಂಗಾಲ ಇದ್ದಲ್ಲೇ ಸಿಕ್ಕಿಬಿದ್ದು ಮಾರ್ಟೆನ್ಸೈಟು ಎಂಬ ಸೂಜಿಸೂಜಿಯಾದ ವಸ್ತುವಾಗುತ್ತದೆ. ಅದು ಗಾಜಿನ ಸ್ವಭಾವದ್ದು. ಅರದ ಮೇಲೆ, ಕತ್ತಿಯ ಅಲಗಿನ ಮೇಲೆ ಅದು ಬೇಕು. ಕಮ್ಮಾರ ಕಾದ ಕುಡುಗೋಲನ್ನು ನೀರಿಗದ್ದಿ ಚೊಂಯ್ ಎನ್ನಿಸುವುದು ಅದಕ್ಕಾಗಿಯೇ. ಎಳೆಯಬೇಕಾದ ತಂತಿಯಲ್ಲಿ ಅದರ ಒಂದು ಕಾಳು ಇದ್ದರೂ ಅಲ್ಲಿಂದಲೇ ಬಿರುಕು. ಮೈಸೂರುಪಾಕಿನ ಪಾಕವನ್ನು ಕಂಡ ಮಹಿಳೆಯರಿಗೆ ನಾನು ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಒಲೆಯಿಂದ ಇಳಿಸುವುದು ಅರ್ಧ ನಿಮಿಷ ಹಿಂದುಮುಂದಾದರೆ ಏನಾಗುತ್ತದೆಂದು ನಿಮಗೆ ಗೊತ್ತು; ಸಾಮಾನೆಲ್ಲ ಅದೇ ಇರುತ್ತದೆ.

ಈ ಹದವನ್ನು ಹಿಡಿಯಲು ಜನ ಹಿಂದಿನಿಂದಲೂ ಹೆಣಗಿದ್ದಾರೆ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಚನ್ನಪಟ್ಟಣದಲ್ಲಿ ಸಂಗೀತವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿತ್ತೆಂದೂ ಅದಕ್ಕೆ ದೂರದೂರದಲ್ಲಿ ಬೇಡಿಕೆಯಿತ್ತೆಂದೂ ಬರೆದಿದ್ದಾನೆ. ಇಂದು ಚನ್ನಪಟ್ಟಣವೆಂದರೆ ನಮಗೆ ಬಣ್ಣದ ಗೊಂಬೆ ನೆನಪಾಗುತ್ತದೆ, ತಂತಿ ನೆನಪಾಗುವುದಿಲ್ಲ. ನಮ್ಮ ಕಡೆಯ ಮೂಸೆಯ ಉಕ್ಕು ವಿಲಾಯಿತಿಗೆ ಹೋದಾಗ ಅದಕ್ಕೆ ವೂಟ್ಜ್ ಎಂದು ಕರೆದರು. ನಮ್ಮ ಉಕ್ಕು ಎಂಬ ಮಾತೇ ಅಲ್ಲಿಯವರ ಬಾಯಲ್ಲಿ ಹಾಗಾಯಿತೆಂದು ಬಲ್ಲವರು ಹೇಳುತ್ತಾರೆ. ಪಿಯರ್ಸನ್ ಎಂಬಾತ ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ಮೇಲೆ ಲೇಖನ ಓದಿದ. ವಿದ್ಯುತ್ತಿನಿಂದ ಹೆಸರಾದ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಆತನೂ ೧೮೧೯ರ ಸುಮಾರಿನಲ್ಲಿ ಇದನ್ನು ಪರೀಕ್ಷಿಸಿದ. ಅಲ್ಲಿಯ ಕಮ್ಮಾರರು ತಮ್ಮ ಉಕ್ಕಿನ ಅಭ್ಯಾಸದಂತೆ ಇದನ್ನೂ ಬೆಳ್ಳಗೆ ಕಾಸಿ ಬಡಿದರೆ ಅದು ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿತ್ತು. ಕೆಂಪಿನಲ್ಲೇ ಬಡಿದು, ಆ ಕೆಂಪು ಇರುವಷ್ಟು ಹೊತ್ತಿನಲ್ಲೇ ಮುಗಿಸಬೇಕಾದ ಉಕ್ಕು ಅದು. ಸರಕು ಹಡಗು ಹತ್ತಿ ಹೋಗಿತ್ತು, ಹದ ಇಲ್ಲೇ ಉಳಿದಿತ್ತು.

ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಹಾರ್ಸ್‌ಫಾಲ್ ೧೮೫೪ರಲ್ಲಿ ಒಂದು ಉಪಾಯ ಕಂಡುಹಿಡಿದ. ಕಾದ ತಂತಿಯನ್ನು ನೀರಿಗಲ್ಲ, ಗಾಳಿಗಲ್ಲ, ಕರಗಿದ ಸೀಸದೊಳಕ್ಕೆ ಓಡಿಸುವುದು. ಸೀಸ ೫೦೦ ಡಿಗ್ರಿಯ ಮೇಲಿರುತ್ತದೆ. ಅಲ್ಲಿಗೆ ತಂತಿ ಥಟ್ಟನೆ ಇಳಿಯುತ್ತದೆ, ಅಲ್ಲೇ ನಿಂತು ಪದರ ಹಾಸಿಕೊಳ್ಳುತ್ತದೆ. ಆತನ ಕಾರ್ಖಾನೆಯ ತಂತಿಯೇ ೧೮೬೬ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಕೇಬಲ್ಲಿಗೆ ಕವಚವಾಯಿತು. ಈ ಸೀಸದ ತೊಟ್ಟಿಗಳು ಇಂದಿಗೂ ಕೆಲವು ಕಡೆ ಇವೆ. ಆದರೆ ಸೀಸ ಮನುಷ್ಯರಿಗೆ ವಿಷ. ಅಲ್ಲದೆ ಒಮ್ಮೆ ಆರಿದ ಉಕ್ಕನ್ನು ಮತ್ತೆ ಕಾಸಲು ಸೌದೆಯೋ ಅನಿಲವೋ ದಂಡ. ಮಿಲ್ಲಿನಿಂದ ಕೆಂಪಗೆ ಹೊರಬೀಳುತ್ತದೆಯಲ್ಲ, ಆಗಲೇ ಹದ ಹಿಡಿದರಾಗದೆ ಎಂಬ ಪ್ರಶ್ನೆ ಬಂತು. ೧೯೬೦ರ ದಶಕದಲ್ಲಿ ಕೆನಡಾದ ಸ್ಟೆಲ್ಕೊ ಎಂಬ ಉಕ್ಕಿನ ಕಂಪೆನಿಯೂ ಅಮೆರಿಕದ ಮಾರ್ಗನ್ ಎಂಬ ಯಂತ್ರದ ಕಂಪೆನಿಯೂ ಸೇರಿ ಅದನ್ನು ಸಾಧಿಸಿದವು. ಇಬ್ಬರ ಹೆಸರಿನ ಅರ್ಧರ್ಧ ಕೂಡಿಸಿ ಅದಕ್ಕೆ ಸ್ಟೆಲ್ಮೋರ್ ಎಂದು ಹೆಸರಿಟ್ಟರು.

ಅಂಥ ಮಿಲ್ಲೊಂದನ್ನು ಆಮೇಲೆ ನಮ್ಮ ಯಜಮಾನರ ಜೊತೆ ಹೋಗಿ ಕಣ್ಣಾರೆ ನೋಡಿದೆ. ನಮ್ಮ ಕರ್ನಾಟಕದಲ್ಲೂ ತೋರಣಗಲ್ಲಿನ ದೊಡ್ಡ ಕಾರ್ಖಾನೆಯಲ್ಲಿ ವೈರ್ ರಾಡ್ ಮಿಲ್ಲಿದೆ; ನಾನು ನೋಡಿದ್ದು ಅದಲ್ಲ, ಬೇರೆ ರಾಜ್ಯದ್ದು. ಸುಮಾರು ೧೬ ಸೆಂಟಿಮೀಟರು ಅಗಲ, ಅಷ್ಟೇ ದಪ್ಪ, ೧೨ ಮೀಟರು ಉದ್ದದ ಉಕ್ಕಿನ ತೊಲೆಯನ್ನು ೧,೧೦೦ ಡಿಗ್ರಿಯ ಮೇಲೆ ಕಾಸಿ ಒಂದು ತುದಿಯಲ್ಲಿ ನೂಕುತ್ತಾರೆ. ಉರುಳುಗಳ ಜೋಡಿಗಳು ಒಂದಾದಮೇಲೊಂದು ಅದನ್ನು ಹಿಂಡುತ್ತವೆ. ಕೊನೆಯಲ್ಲಿ ಐದೂವರೆ ಮಿಲಿಮೀಟರಿನ ಎಳೆಯಾಗಿ ಹೊರಬರುತ್ತದೆ. ಬ್ಯಾಂಕಿನವನ ಚಟ, ಅಲ್ಲೇ ಲೆಕ್ಕ ಹಾಕಿದೆ: ೧೨ ಮೀಟರಿನ ತೊಲೆ ಸುಮಾರು ೧೩ ಕಿಲೋಮೀಟರಾಗುತ್ತದೆ! ವಾಕಡದಿಂದ ಹಾಸಿದರೆ ಹೆಚ್ಚುಕಡಿಮೆ ಶಿವಾಜಿನಗರ ಮುಟ್ಟೀತು. ಸೆಕೆಂಡಿಗೆ ೧೦೦ ಮೀಟರಿನಂತೆ ಓಡಿ ಎರಡು ನಿಮಿಷದ ಚಿಲ್ಲರೆಯಲ್ಲಿ ಮುಗಿಯುತ್ತದೆ. ನಮ್ಮ ಡಾಂಗೆ ಚೌಕದ ವಾಹನಗಳಿಗೆ ಆ ಭಾಗ್ಯವಿಲ್ಲ.

ಇಷ್ಟು ವೇಗವಾಗಿ ಬರುವುದನ್ನು ಹಿಡಿಯುವುದು ಹೇಗೆ? ಮೊದಲು ನೀರಿನ ಪೆಟ್ಟಿಗೆಗಳ ಮೂಲಕ ಹಾಯಿಸಿ ೮೫೦, ೯೦೦ ಡಿಗ್ರಿಗೆ ಇಳಿಸುತ್ತಾರೆ. ಆಮೇಲೆ ತಿರುಗುವ ಕೊಳವೆಯೊಂದು ಅದನ್ನು ಮೀಟರಗಲದ ಬಳೆಗಳನ್ನಾಗಿ ಸುತ್ತಿ, ಸೆಕೆಂಡಿಗೆ ಸುಮಾರು ೩೦ ಬಳೆಯಂತೆ, ನಡೆಯುವ ಹಾಸಿನ ಮೇಲೆ ಕೆಡವುತ್ತದೆ. ಹಾಸು ನೂರು ಮೀಟರಿನಷ್ಟು ಉದ್ದ. ಮನುಷ್ಯ ನಡೆಯುವ ವೇಗದಲ್ಲಿ ಸಾಗುತ್ತದೆ. ಬಳೆಗಳು ಒಂದರ ಮೇಲೊಂದು ಅಷ್ಟಷ್ಟು ಜರುಗಿ ಬೀಳುತ್ತವೆ. ಹಾಸಿನ ಕೆಳಗೆ ಆಳೆತ್ತರದ ಫ್ಯಾನುಗಳು ಗಾಳಿಯನ್ನು ಮೇಲಕ್ಕೆ ಊದುತ್ತವೆ.

ಹಿಂದೆ ಹೀಗಿರಲಿಲ್ಲ. ಕೆಂಪಗಿರುವಾಗಲೇ ಸಿಂಬೆಯಾಗಿ ಸುತ್ತಿ ಬಿಡುತ್ತಿದ್ದರು. ಹೊರಗಿನ ಸುತ್ತು ಬೇಗ ಆರುತ್ತಿತ್ತು, ಒಳಗಿನದು ಗಂಟೆಗಟ್ಟಲೆ ಬೇಯುತ್ತಿತ್ತು. ಒಂದೇ ತಂತಿಯಲ್ಲಿ ಹತ್ತು ಗುಣ. ಪುಳಿಯೋಗರೆಗೆ ಅನ್ನ ಮಾಡಿದವರು ಏನು ಮಾಡುತ್ತಾರೆ? ಪಾತ್ರೆಯಲ್ಲೇ ಬಿಟ್ಟರೆ ನಡುವೆ ಮುದ್ದೆ, ಮೇಲೆ ಒಣಕಲು. ಆದಕಾರಣ ಹರಿವಾಣಕ್ಕೆ ಸುರಿದು, ಕೈಯಾಡಿಸಿ, ತೆಳ್ಳಗೆ ಹರವುತ್ತಾರೆ. ಸ್ಟೆಲ್ಮೋರಿನ ಗುಟ್ಟೂ ಇಷ್ಟೇ, ಹರವಿ ಆರಿಸುವುದು. ಆದರೆ ಅಲ್ಲಿಯೂ ಒಂದು ತೊಡಕಿದೆ. ಜರುಗಿಬಿದ್ದ ಬಳೆಗಳು ನಡುವೆ ವಿರಳ, ಎರಡು ಅಂಚಿನಲ್ಲಿ ದಟ್ಟ. ನಡುವೆ ಬೇಗ ಆರುತ್ತದೆ, ಅಂಚಿನಲ್ಲಿ ಕೆಂಪು ಉಳಿಯುತ್ತದೆ. ಅದಕ್ಕಾಗಿ ಗಾಳಿಯನ್ನು ಅಂಚಿಗೆ ಹೆಚ್ಚು, ನಡುವೆ ಕಡಿಮೆ ಹಂಚಬೇಕು. ಊದುವ ಗಾಳಿ ಹೊರಗಿನದೇ ಆದುದರಿಂದ ಚಳಿಗಾಲದ ಗಾಳಿಯೂ ವೈಶಾಖದ ಗಾಳಿಯೂ ಒಂದೇ ಕೆಲಸ ಮಾಡುವುದಿಲ್ಲ. ಪಂಚಾಂಗ ನೋಡಿ ಫ್ಯಾನು ತಿರುಗಿಸಬೇಕಾಗುತ್ತದೆ ಎಂದು ಅಲ್ಲಿಯ ಎಂಜಿನಿಯರೊಬ್ಬರು ನಗೆಯಾಡಿದರು.

ಸಂಜೆಯ ಪಾಳಿಯಾಗಿತ್ತು. ಹಾಸಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಬಳೆಗಳು ಕಿತ್ತಳೆಯಿಂದ ಕೆಂಪಾಗಿ ಮಬ್ಬಾಗುತ್ತ ಬಂದವು. ಸುಮಾರು ಅರ್ಧ ನಿಮಿಷದ ದಾರಿಯಾದಮೇಲೆ ಒಂದು ಜಾಗದಲ್ಲಿ ಮಬ್ಬಾಗಿದ್ದದ್ದು ಮತ್ತೆ ಕೆಂಪಾಗಿ ತೋರಿತು! ಹಾಸು ಸಾಗುತ್ತಿತ್ತು; ಆದರೆ ಆ ಕೆಂಪು ಮಾತ್ರ ಹೊಳೆಯಲ್ಲಿ ಸುಳಿ ನಿಂತ ಹಾಗೆ ಅದೇ ಜಾಗದಲ್ಲಿ ನಿಂತಿತ್ತು. ತಂದೆಯವರ ಜೀವ ಬರುವ ಗಳಿಗೆ. ಅಷ್ಟು ಸದ್ದಿನಲ್ಲಿ ಪಕ್ಕದವರಿಗೆ ಹೇಳಿದರೆ ಕೇಳಿಸುತ್ತಲೂ ಇರಲಿಲ್ಲ.

ಈಗ ನನ್ನ ಪಟ್ಟಿಗೆ ಬರುತ್ತೇನೆ.

ನಾನು ಪೂರ್ತಿ ಬೆಲೆ ಕಟ್ಟಿದ ಆ ಐದು ಕಾಯಿಲುಗಳ ಆಧಾರದ ಮೇಲೆ ಯಜಮಾನರು ಹಣ ತೆಗೆದರು, ಸಂಬಳ ಕೊಟ್ಟರು, ವಿದ್ಯುತ್ತಿನ ಬಿಲ್ಲು ಕಟ್ಟಿದರು. ಮುಂದಿನ ತಿಂಗಳು ಲೆಕ್ಕಪರಿಶೋಧಕರು ಬಂದು ಆ ಐದನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕಿದರು. ಕೆಲಸಕ್ಕೆ ಬಾರದ ಸರಕು ದಾಸ್ತಾನಲ್ಲ. ಅದು ನಿಯಮ, ನಿಯಮ ಸರಿಯಾದದ್ದೇ. ಖಾತೆ ಒಮ್ಮೆಗೇ ಮಿತಿ ಮೀರಿತು. ತೊಂಬತ್ತು ದಿನ ಹಾಗೆಯೇ ಉಳಿದರೆ ಅದು ಕೆಟ್ಟ ಸಾಲ. ಮೊದಲ ದಿನವೇ ಆ ಶೀಶೆಯನ್ನು ನೋಡಿ ನಾನು ಸರಿಯಾಗಿ ಬರೆದಿದ್ದರೆ ಅವರು ಅಷ್ಟು ಹಣ ತೆಗೆಯುತ್ತಿರಲಿಲ್ಲ, ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಯಜಮಾನರೂ ಬೈಯಲಿಲ್ಲ, ಅದೇ ಕಷ್ಟವಾದದ್ದು.

ಸರಕು ಕಳುಹಿಸಿದ ಮಿಲ್ಲಿನವರು ತಮ್ಮ ತಪ್ಪಿಲ್ಲವೆಂದು ಬರೆದರು. ಉಕ್ಕಿನ ಪರೀಕ್ಷೆಯ ಪತ್ರ ಸರಿಯಾಗಿಯೇ ಇತ್ತು. ಇಂಗಾಲ ಇಷ್ಟು, ಮ್ಯಾಂಗನೀಸು ಇಷ್ಟು, ಎಲ್ಲ ಮಿತಿಯೊಳಗೆ. ನಿಮ್ಮ ಯಂತ್ರದ್ದೇ ದೋಷ ಎಂದರು. ಆ ರಾತ್ರಿ ಊರಿಗೆ ಫೋನು ಮಾಡಿ ತಂದೆಯವರಿಗೆ ಹೇಳಿದೆ.

"ಮುರಿದ ಬಾಯಿ ಹೇಗಿದೆ ನೋಡಿದ್ಯೇನೋ?" ಎಂದರು.

"ಒಂದು ಕಡೆ ಬಟ್ಟಲು, ಒಂದು ಕಡೆ ಶಿಖರ."

"ಹಾಗಾದರೆ ರೋಗ ಹೊಟ್ಟೆಯಲ್ಲಿದೆ, ಮೈಮೇಲಲ್ಲ. ಯಂತ್ರ ಕೆಡಿಸಿದ್ರೆ ಹೆಚ್ಚಾಗಿ ಮೈ ಕೆಡ್ತದೆ. ಆ ಒಂದು ಹೀಟಿನದೆಲ್ಲ ಹಾಗೇ ಮುರಿಯುತ್ತೋ, ಕೆಲವೇ ಮುರಿಯುತ್ತೋ, ಮೊದಲು ಅದನ್ನು ನೋಡು."

ಇದನ್ನು ನೋಡುವುದು ಗುಮಾಸ್ತೆಯ ಕೆಲಸ. ಭಾನುವಾರ ಕಾರ್ಖಾನೆಗೆ ಹೋದೆ. ಖರ್ಚಾದ ಕಾಯಿಲುಗಳ ತಗಡಿನ ಚೀಟಿಗಳನ್ನು ಯಜಮಾನರು ಎಸೆದಿರಲಿಲ್ಲ. ಗೋಡೆಯ ಮೊಳೆಗೆ ಪೋಣಿಸಿಟ್ಟಿದ್ದರು. ಯಂತ್ರದ ಪಕ್ಕದ ವಹಿಯಲ್ಲಿ ಪಾಳಿಗೆ ಎಷ್ಟು ಸಲ ತಂತಿ ಮುರಿಯಿತೆಂಬ ಗೀಟುಗಳಿದ್ದವು. ನಾನೂ ಅವರೂ ಕುಳಿತು ಚೀಟಿಗೂ ಗೀಟಿಗೂ ತಾಳೆ ನೋಡಿದೆವು. ಅದೇ ಹೀಟಿನ ಕಾಯಿಲುಗಳು ಐದಲ್ಲ, ಏಳು ಬಂದಿದ್ದವು. ಎರಡು ಆಗಲೇ ಖರ್ಚಾಗಿದ್ದವು. ಆ ಎರಡರಲ್ಲಿ ತಂತಿ ಒಂದು ಸಲವೂ ಮುರಿದಿರಲಿಲ್ಲ! ಒಂದೇ ಹಂಡೆಯ ಅಡುಗೆ, ಐದು ಎಲೆಗೆ ಬಡಿಸಿದ್ದು ವಿಷ, ಎರಡು ಎಲೆಗೆ ಬಡಿಸಿದ್ದು ಪಾಯಸ. ಕಾಯಿಲಿನ ಸಂಖ್ಯೆಗಳನ್ನು ಸಾಲಾಗಿ ಬರೆದಾಗ ಇನ್ನೊಂದು ಕಂಡಿತು. ಕೆಟ್ಟ ಐದೂ ಮೊದಲಿನ ಸಂಖ್ಯೆಗಳು, ಒಳ್ಳೆಯ ಎರಡೂ ಕಡೆಯ ಸಂಖ್ಯೆಗಳು. ಉಕ್ಕು ಅದೇ ಆಗಿ, ಮಿಲ್ಲಿನಿಂದ ಹೊರಬಂದ ಹೊತ್ತು ಮಾತ್ರ ಬೇರೆಯಾಗಿತ್ತು. ಅಂದಮೇಲೆ ನಡುವೆ ಏನೋ ಬದಲಾಗಿರಬೇಕು.

ಶೀಶೆಯಲ್ಲಿದ್ದ ತುದಿಗಳಲ್ಲಿ ಕೆಲವನ್ನೂ ಕಾಯಿಲಿನಿಂದ ಕತ್ತರಿಸಿದ ಗೇಣುದ್ದದ ತುಂಡುಗಳನ್ನೂ ಯಜಮಾನರು ಪರೀಕ್ಷಾಶಾಲೆಯೊಂದಕ್ಕೆ ಕೊಟ್ಟರು. ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಂತಿಯ ನಟ್ಟನಡುವೆ ಬಿಳಿಯ ಎಳೆ ಕಂಡಿತು. ಅದೇ ಮಾರ್ಟೆನ್ಸೈಟು. ಕರಗಿದ ಉಕ್ಕು ಗಟ್ಟಿಯಾಗುವಾಗ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ಕೊನೆಗೆ ಉಳಿಯುವ ನಡುಭಾಗದಲ್ಲಿ ಇಂಗಾಲವೂ ಮ್ಯಾಂಗನೀಸೂ ಒಂದಿಷ್ಟು ಹೆಚ್ಚಾಗಿ ಸೇರುತ್ತವೆ. ಒಟ್ಟು ಅಳತೆ ಮಿತಿಯಲ್ಲೇ ಇರುತ್ತದೆ, ಆದಕಾರಣ ಪತ್ರದಲ್ಲಿ ಕಾಣುವುದಿಲ್ಲ. ಮ್ಯಾಂಗನೀಸು ಇದ್ದಲ್ಲಿ ಆ ಬದಲಾವಣೆ ತಡವಾಗಿ ನಡೆಯುತ್ತದೆ. ಹೊರಗಿನ ಉಕ್ಕು ಪದರ ಹಾಸಿ ಮುಗಿಸಿದರೂ ನಡುವಿನ ಎಳೆ ಇನ್ನೂ ಕಾಯುತ್ತಿರುತ್ತದೆ. ಆಗ ಫ್ಯಾನನ್ನು ಪೂರ್ತಿ ಊದಿದರೆ, ಪಾಪ, ಅದಕ್ಕೆ ಸಮಯವೇ ಸಿಗುವುದಿಲ್ಲ. ಅಂಥ ಹೀಟಿಗೆ ಗಾಳಿ ಸ್ವಲ್ಪ ತಗ್ಗಿಸಬೇಕು. ಬಹಳ ತಗ್ಗಿಸಿದರೆ ಮತ್ತೆ ಆ ಬಲೆಯ ಕಾಟ. ಗದ್ದೆಯ ಬದುವಿನ ಮೇಲೆ ನಡೆದ ಹಾಗೆ, ಎರಡು ಕಡೆಯೂ ಕೆಸರು.

ನಮ್ಮ ಪಟ್ಟಿಯನ್ನೂ ಪರೀಕ್ಷೆಯ ಚಿತ್ರಗಳನ್ನೂ ಸೇರಿಸಿ ಯಜಮಾನರು ಮತ್ತೆ ಬರೆದರು. ಈ ಸಲ ಮಿಲ್ಲಿನವರು ತಮ್ಮ ಆ ದಿನದ ದಾಖಲೆ ತೆಗೆದು ನೋಡಿದರು. ಮೊದಲಿನ ಕಾಯಿಲುಗಳು ಹೊರಬಂದಾಗ ಫ್ಯಾನುಗಳು ಹಿಂದಿನ ಹೀಟಿನ ಲೆಕ್ಕದಲ್ಲೇ ಪೂರ್ತಿ ಓಡುತ್ತಿದ್ದವು; ಆಮೇಲೆ ಯಾರೋ ಗಮನಿಸಿ ತಗ್ಗಿಸಿದ್ದರು. ಆ ಯಾರೋ ಯಾರೆಂದು ಪತ್ರದಲ್ಲಿ ಇರಲಿಲ್ಲ. ಐದು ಕಾಯಿಲುಗಳನ್ನೂ ಹಿಂದಕ್ಕೆ ತೆಗೆದುಕೊಂಡು ಬದಲು ಕೊಟ್ಟರು. ಬಂದು ಮಿಲ್ಲು ನೋಡಿರೆಂದು ಕರೆದರು. ನಾನು ಆಗಲೇ ಹೇಳಿದ ಭೇಟಿ ಅದೇ. ಇಷ್ಟು ಒಳ್ಳೆಯತನ ಅವರದು, ಅದನ್ನು ಹೇಳದಿದ್ದರೆ ತಪ್ಪಾದೀತು.

ಆದರೆ ಬದಲಿ ಸರಕು ಬರುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು.

ತೊಂಬತ್ತನೆಯ ದಿನ ದಾಟಿ ಖಾತೆ ಕೆಟ್ಟಿತು. ಆ ಗುರುತನ್ನು ಯಂತ್ರವೇ ಹಾಕಿತು. ಆದರೆ ಅದರ ಕಾಗದವನ್ನು ಟೈಪು ಮಾಡಿದವನು ನಾನೇ. ಯಜಮಾನರು ಮನೆಯವರ ಬಂಗಾರ ಅಡವಿಟ್ಟು, ಬಾಕಿಯಿದ್ದ ಬಡ್ಡಿಯೆಲ್ಲ ಕಟ್ಟಿ ಖಾತೆಯನ್ನು ಸರಿಪಡಿಸಿಕೊಂಡರು. ನಾಲ್ವರು ಕೆಲಸಗಾರರಲ್ಲಿ ಇಬ್ಬರು ಅಷ್ಟರಲ್ಲಿ ಬಿಟ್ಟುಹೋಗಿದ್ದರು. ಅವರಲ್ಲಿ ಒಬ್ಬನು ಇನ್ನೂ ಬಂದಿಲ್ಲ. ಈಗ ಕಾರ್ಖಾನೆ ನಡೆಯುತ್ತಿದೆ. ಹೊಸ ಕಾಯಿಲು ಬಂದರೆ ಮೊದಲು ಎರಡು ತುದಿಯಿಂದ ಒಂದೊಂದು ಗೇಣು ಕತ್ತರಿಸಿ ಪರೀಕ್ಷೆಗೆ ಕಳಿಸುತ್ತಾರೆ. ನಮ್ಮ ಶಾಖೆಯ ದಾಸ್ತಾನಿನ ಪಟ್ಟಿಯಲ್ಲಿ ಹೀಟ್ ನಂಬರಿಗೂ ಕಾಯಿಲಿನ ಸಂಖ್ಯೆಗೂ ನಾನು ಎರಡು ಕಾಲಂ ಹೆಚ್ಚಿಗೆ ಎಳೆದುಕೊಂಡಿದ್ದೇನೆ. ಅದನ್ನು ಎಳೆಯಬೇಕೆಂದು ಯಾರೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ.

ಉಪ್ಪಿನಕಾಯಿಯ ಶೀಶೆಯನ್ನು ಯಜಮಾನರು ನನಗೆ ಕೊಟ್ಟುಬಿಟ್ಟರು. ಅದರಿಂದ ನಾಲ್ಕು ಜೊತೆ ತುದಿಗಳನ್ನು ತಂದಿದ್ದೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ಕೈದಾಟಿಸುತ್ತೇನೆ, ದಯವಿಟ್ಟು ನೋಡಿ. ಬಟ್ಟಲಿಗೆ ಶಿಖರವನ್ನು ಕೂಡಿಸಿ ಬೆಳಕಿಗೆ ಹಿಡಿದರೆ ಸಂದು ಕಾಣುವುದಿಲ್ಲ, ಅಷ್ಟು ಸರಿಯಾಗಿ ಕೂರುತ್ತದೆ. ಅಂಚು ಬಹಳ ಹರಿತವಾಗಿದೆ. ಮಕ್ಕಳ ಕೈಗೆ ಕೊಡಬೇಡಿ.